ಹತ್ತಡಿ ಹಾಲ್‌ನಲ್ಲಿ ನಾಟಕೀಯ ಬೆಳಕು ಬರ್ತಾ ಇಲ್ಲ. ಎರಡನೇ ಎಲ್‌ಇಡಿ ತಗೊಳ್ಳಲಾ, ಫ್ಲ್ಯಾಷ್ ತಗೊಳ್ಳಲಾ?

ಡೊಂಬಿವಲಿ ಲೋಕಲ್ · ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನನ್ನ ಮೂಲ ಹುಬ್ಬಳ್ಳಿ, ಈಗ ಇರುವುದು ಮುಂಬೈ ಹತ್ತಿರದ ಡೊಂಬಿವಲಿ. ವಾರಪೂರ್ತಿ ಆಫೀಸು, ಶನಿವಾರ ಭಾನುವಾರ ಫೋಟೊ. ಎರಡು ಮೂರು ಸಣ್ಣ ಬೊಟೀಕ್‌ಗಳಿಗೆ ಸೀರೆ, ಬ್ಲೌಸ್, ಗೌನ್‌ಗಳ ಲುಕ್‌ಬುಕ್ (ಬಟ್ಟೆ ತೋರಿಸುವ ಫೋಟೊ ಪುಸ್ತಕ) ತೆಗೆದು ಕೊಡುತ್ತೇನೆ. ಸ್ಟುಡಿಯೊ ಅಂದರೆ ನಮ್ಮ ಮನೆಯ ಹಾಲ್. ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ. ಅದೂ ಸೋಫಾವನ್ನು ಎಬ್ಬಿಸಿ ಬೆಡ್‌ರೂಮಿಗೆ ತಳ್ಳಿದ ಮೇಲೆ.

ಇಲ್ಲಿಯವರೆಗೆ ಕಿಟಕಿ ಬೆಳಕಿನಲ್ಲೇ ಕೆಲಸ ಸಾಗಿತ್ತು. ಈಗ ಒಬ್ಬ ಗ್ರಾಹಕರಿಗೆ ಬೇರೆಯದೇ ಬೇಕಂತೆ. "ಅರ್ಧ ಮುಖ ಕತ್ತಲಲ್ಲಿರಲಿ, ಸೀರೆ ಕತ್ತಲೊಳಗಿಂದ ಎದ್ದು ಬಂದ ಹಾಗೆ ಕಾಣಲಿ" ಅಂದರು. ಫ್ಲ್ಯಾಷ್ ಕಂಡರೆ ನನಗೆ ಮೊದಲಿಂದಲೂ ಭಯ. ಏನು ಬಂತು ಅನ್ನುವುದು ಹೊಡೆದ ಮೇಲೇ ಗೊತ್ತಾಗುತ್ತದೆ. ಉರಿಯುತ್ತಲೇ ಇರುವ ಬೆಳಕಾದರೆ ನೆರಳು ಎಲ್ಲಿ ಬಿತ್ತು ಅಂತ ಕಣ್ಣೆದುರೇ ಕಾಣುತ್ತದೆ, ಅಲ್ವಾ? ಹಾಗಾಗಿ 60 ವ್ಯಾಟ್‌ನ ಒಂದು ಸಿಒಬಿ ಎಲ್‌ಇಡಿ (ಸಣ್ಣ ಎಲ್‌ಇಡಿಗಳನ್ನು ಒಂದೇ ಕಡೆ ಒತ್ತಾಗಿ ಕೂರಿಸಿದ ದೀಪ), ಬೆಳಕನ್ನು ಮೆತ್ತಗೆ ಮಾಡುವ 90 ಸೆಂಟಿಮೀಟರ್‌ನ ಸಾಫ್ಟ್‌ಬಾಕ್ಸ್ ತಗೊಂಡೆ.

ನಿನ್ನೆ ತಂಗಿಯನ್ನು ನಿಲ್ಲಿಸಿ ಟ್ರಯಲ್ ಮಾಡಿದೆ. ಬೆಳಕನ್ನು 45 ಡಿಗ್ರಿಗೆ, ಆರಡಿ ದೂರದಲ್ಲಿಟ್ಟೆ. ಬಂದದ್ದು ಆಧಾರ್ ಕಾರ್ಡಿನ ಫೋಟೊಗಿಂತ ಒಂದು ಕೈ ಮೇಲು, ಅಷ್ಟೇ. ನೆರಳು ಇರಬೇಕಾದ ಕಡೆ ಬೂದಿ ಬಳಿದ ಹಾಗಿದೆ. ಹಿಂದಿನ ಗೋಡೆ "ನಾನೂ ಇದ್ದೇನೆ" ಅಂತ ಇಣುಕುತ್ತಿದೆ. ಕೆಲವು ಫ್ರೇಮ್‌ಗಳಲ್ಲಿ ಅಡ್ಡಡ್ಡ ಪಟ್ಟಿ ಬಂದಿವೆ. ಕುಂಕುಮ ಬಣ್ಣದ ಸೀರೆ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಸೆಟ್ಟಿಂಗ್: ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 800, ಲೆನ್ಸಿನ ಕಿಂಡಿ ಎಫ್ 2.8, ಶಟರ್ 1/125 ಸೆಕೆಂಡ್.

200 ವ್ಯಾಟ್‌ನ ಎರಡನೇ ಎಲ್‌ಇಡಿ ತಗೊಳ್ಳಲಾ, ಅಥವಾ ಧೈರ್ಯ ಮಾಡಿ ಫ್ಲ್ಯಾಷಿಗೆ ಹೋಗಲಾ? ದುಡ್ಡಿರುವುದು ಒಂದಕ್ಕೆ ಮಾತ್ರ.


ಫ್ಲ್ಯಾಷ್ ಭಕ್ತ, ಠಾಣೆ · ಭಾನುವಾರ ರಾತ್ರಿ 11:05

ಫ್ಲ್ಯಾಷ್. ಇದರಲ್ಲಿ ಯೋಚನೆ ಮಾಡುವುದು ಏನಿದೆ?

ಲೆಕ್ಕ ಹಾಕಿ ನೋಡಿ. 60 ವ್ಯಾಟ್ ಅಂದರೆ ಸೆಕೆಂಡಿಗೆ 60 ಜೂಲ್. ನಿಮ್ಮ ಶಟರ್ ತೆರೆದಿರುವುದು 1/125 ಸೆಕೆಂಡ್. ಅಷ್ಟರಲ್ಲಿ ದೀಪ ತಿನ್ನುವ ಶಕ್ತಿ ಅರ್ಧ ಜೂಲ್ ಕೂಡ ಇಲ್ಲ. ಒಂದು ಸಣ್ಣ ಸ್ಟುಡಿಯೊ ಫ್ಲ್ಯಾಷ್ 200 ಜೂಲ್‌ನದು, ಅಷ್ಟನ್ನೂ ಒಂದೇ ಏಟಿಗೆ ಸುರಿಯುತ್ತದೆ. ಎಲ್‌ಇಡಿ ಕಡಿಮೆ ಕರೆಂಟಿನಲ್ಲಿ ಜಾಸ್ತಿ ಬೆಳಗುತ್ತದೆ ಅಂತ ವಿನಾಯಿತಿ ಕೊಟ್ಟರೂ ಆರೇಳು ಸ್ಟಾಪ್ ವ್ಯತ್ಯಾಸ ಉಳಿಯುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ನೀವು 200 ವ್ಯಾಟ್‌ನ ಎಲ್‌ಇಡಿ ತಗೊಂಡರೆ ಅದರಲ್ಲಿ ಎರಡು ಸ್ಟಾಪ್ ಕೂಡ ತುಂಬುವುದಿಲ್ಲ.

ಫ್ಲ್ಯಾಷ್ ಇದ್ದರೆ ಐಎಸ್‌ಒ 100, ಎಫ್ 8. ಸೀರೆಯ ಒಂದೊಂದು ಎಳೆ ಚೂಪಾಗಿ ಬರುತ್ತದೆ. ಲುಕ್‌ಬುಕ್‌ಗೆ ಅದು ತಾನೇ ಬೇಕಾಗಿರುವುದು?


ಗೋರೆಗಾಂವ್ ಕತ್ತಲೆ · ಭಾನುವಾರ ರಾತ್ರಿ 11:30

ಒಂದೇ ಪ್ರಶ್ನೆ. ಗೋಡೆ ಯಾವ ಬಣ್ಣ, ನೆಲ ಯಾವ ಬಣ್ಣ?


ಡೊಂಬಿವಲಿ ಲೋಕಲ್ · ಭಾನುವಾರ ರಾತ್ರಿ 11:34

ಗೋಡೆ ಆಫ್ ವೈಟ್. ನೆಲ ಬಿಳಿ ವಿಟ್ರಿಫೈಡ್ ಟೈಲ್ಸ್. ಮೇಲೆ ಪಿಒಪಿ ಸೀಲಿಂಗ್, ಅದೂ ಬಿಳಿ. ಯಾಕ್ರೀ?


ಗೋರೆಗಾಂವ್ ಕತ್ತಲೆ · ಸೋಮವಾರ ಬೆಳಿಗ್ಗೆ 6:50

ಹಾಗಾದರೆ ಏನೂ ತಗೊಳ್ಳಬೇಡಿ ಮಾರಾಯ್ರೆ. ನಿಮ್ಮ ಹತ್ತಿರ ಈಗಾಗಲೇ ಆರು ದೀಪ ಇವೆ. ಒಂದು ನೀವು ಕೊಂಡದ್ದು. ಇನ್ನೈದು ಎರಡು ಪಕ್ಕದ ಗೋಡೆ, ಹಿಂದಿನ ಗೋಡೆ, ನೆಲ, ಸೀಲಿಂಗ್.

ನಾನು ಕುಂದಾಪುರದವನು. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಲೈಟ್ ಕೆಲಸ. ಮೊದಲು ಸೀರಿಯಲ್, ಆಮೇಲೆ ಜಾಹೀರಾತು, ಈಗ ಫ್ಯಾಷನ್ ಕ್ಯಾಟಲಾಗ್ ಜಾಸ್ತಿ. ಫಿಲ್ಮ್ ಸಿಟಿಯ ಫ್ಲೋರ್‌ಗಳಲ್ಲಿ ಬೆಳಕು ಒಂದು ಕಡೆಯಿಂದ ಹೋದರೆ ಮತ್ತೆ ವಾಪಸ್ ಬರುವುದಿಲ್ಲ. ಸೀಲಿಂಗ್ ಎಲ್ಲೋ ಮೇಲೆ, ಗೋಡೆ ಎಲ್ಲೋ ದೂರ. ಹತ್ತಡಿ ಬಿಳಿ ಕೋಣೆಯಲ್ಲಿ ಅದೇ ಬೆಳಕು ತಂಗಿಯ ಎಡ ಕೆನ್ನೆಗೆ ಬಡಿದು, ಪಕ್ಕದಿಂದ ಜಾರಿ ಎದುರು ಗೋಡೆಗೆ ಹೋಗಿ, ತಿರುಗಿ ಬಲ ಕೆನ್ನೆಗೆ ಬರುತ್ತದೆ. ನೀವು ಹೇಳಿದ ಬೂದಿ ಅದೇ. 200 ವ್ಯಾಟ್ ತಂದರೆ ಗೋಡೆಯಿಂದ ವಾಪಸ್ ಬರುವುದೂ ಅಷ್ಟೇ ಪಟ್ಟು ಏರುತ್ತದೆ. ಅನುಪಾತ ಅಲ್ಲೇ ಇರುತ್ತದೆ. ಫ್ಲ್ಯಾಷಿಗೂ ಇದೇ ಮಾತು. ಠಾಣೆಯವರ ಜೂಲ್ ಲೆಕ್ಕ ಸರಿ ಇದೆ, ಆದರೆ ಅದು ಈ ಪ್ರಶ್ನೆಗೆ ಉತ್ತರ ಅಲ್ಲ.

ಕಪ್ಪು ಬಟ್ಟೆ ತನ್ನಿ. ಸೆಟ್ಟಿನಲ್ಲಿ ನಾವು ಕಟರ್ ಅನ್ನುತ್ತೇವೆ, ಓದಿದವರು ನೆಗೆಟಿವ್ ಫಿಲ್ ಅನ್ನುತ್ತಾರೆ. ನೆರಳಿಗೆ ವಾಪಸ್ ಬರುವ ಬೆಳಕನ್ನು ಅದು ನುಂಗುತ್ತದೆ. ಮಾಡೆಲ್‌ನ ನೆರಳಿನ ಬದಿಗೆ, ಫ್ರೇಮಿನೊಳಗೆ ಕಾಣದಷ್ಟು ಹತ್ತಿರ ನಿಲ್ಲಿಸಿ. ಎರಡಡಿ, ಮೂರಡಿ. ಐದಡಿ ದೂರ ಇಟ್ಟರೆ ಉಪಯೋಗ ಇಲ್ಲ. ನೆಲಕ್ಕೂ ಒಂದು ಹಾಸಿ. ಟೈಲ್ಸ್ ಬಗ್ಗೆ ಯಾರೂ ಯೋಚಿಸುವುದೇ ಇಲ್ಲ. ಗಲ್ಲದ ಕೆಳಗೆ, ಮೂಗಿನ ಕೆಳಗೆ ಬೆಳಕು ತುಂಬುವುದು ಅವೇ.

ಬಟ್ಟೆ ಯಾವುದು ಅನ್ನುವುದೂ ಮುಖ್ಯ. ಕಪ್ಪು ಸ್ಯಾಟಿನ್, ಕಪ್ಪು ಪಾಪ್ಲಿನ್ ತರಬೇಡಿ. ಹೊಳೆಯುತ್ತದೆ. ವೆಲ್ವೆಟ್ ತನ್ನಿ. ಕ್ರಾಫರ್ಡ್ ಮಾರ್ಕೆಟ್ ಹತ್ತಿರ ಮಂಗಲ್‌ದಾಸ್ ಮಾರ್ಕೆಟ್‌ನಲ್ಲಿ ಕೇಳಿ. ಅಂಗಡಿಯೊಳಗೆ ಮೊಬೈಲ್ ಟಾರ್ಚ್ ಹಾಕಿ ನೋಡಿ. ಬೆಳಕನ್ನು ನುಂಗಬೇಕು. ಮಿರಮಿರ ಅಂದರೆ ಬೇಡ.

ಎರಡನೆಯದು ದೂರ. ಆರಡಿ ಅಂದಿರಲ್ಲ, ಅದು ಹಾಳು ಮಾಡಿದೆ. ಮಾಡೆಲ್ ಗೋಡೆಯಿಂದ ಆರಡಿ ಮುಂದೆ ಇದ್ದಾಳೆ ಅನ್ನಿ. ದೀಪ ಅವಳಿಂದ ಆರಡಿ, ಅಂದರೆ ಗೋಡೆಗೆ ಹನ್ನೆರಡು. ದೂರ ಎರಡು ಪಟ್ಟು, ಬೆಳಕು ಕಾಲು ಭಾಗ. ಗೋಡೆ ಎರಡು ಸ್ಟಾಪ್ ಮಾತ್ರ ಕಪ್ಪು. ಈಗ ದೀಪವನ್ನು ಮೂರಡಿಗೆ ತನ್ನಿ. ಗೋಡೆಗೆ ಒಂಬತ್ತಡಿ, ಮೂರು ಪಟ್ಟು ದೂರ. ಗೋಡೆಗೆ ಹೋಗುವುದು ಒಂಬತ್ತರಲ್ಲಿ ಒಂದು ಭಾಗ, ಮೂರು ಸ್ಟಾಪಿಗೂ ಜಾಸ್ತಿ ಕತ್ತಲೆ. ಜೊತೆಗೆ ಮುಖದ ಮೇಲೆ ಬೆಳಕು ನಾಲ್ಕು ಪಟ್ಟು ಆಯಿತು. ಐಎಸ್‌ಒ 800 ಇದ್ದದ್ದು 200ಕ್ಕೆ ಇಳಿಯಿತು. ಸಾಫ್ಟ್‌ಬಾಕ್ಸ್ ಅಗಲ ಇರುವುದರಿಂದ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ದಾರಿ ಇದೇ.

ಮೂರನೆಯದು, 45 ಡಿಗ್ರಿ ಬಿಡಿ. ಕ್ಯಾಮೆರಾದಿಂದ ದೂರ ಇರುವ ಕೆನ್ನೆಗೆ ಬೆಳಕು ಬೀಳಲಿ, ಹತ್ತಿರದ ಕೆನ್ನೆ ನೆರಳಿನಲ್ಲಿರಲಿ. ಮೂಗಿನ ನೆರಳು ಕೆನ್ನೆಯ ನೆರಳಿಗೆ ತಾಗುವವರೆಗೆ ದೀಪ ತಿರುಗಿಸಿ. ಕಣ್ಣ ಕೆಳಗೆ ಒಂದು ಬೆಳಕಿನ ತ್ರಿಕೋನ ಉಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ.


ಕೊತ್ರೂಡ್ ಕ್ಲಿಕ್ · ಸೋಮವಾರ ಮಧ್ಯಾಹ್ನ 1:15

ಪುಣೆಯಿಂದ. ಬೆಳಗಾವಿಯವನು, ಹೊಟ್ಟೆಪಾಡಿಗೆ ಇಂಜಿನಿಯರ್. ಕತ್ತಲೆ ಅಣ್ಣನವರು ನೆರಳು ನೋಡಿಕೊಂಡಿದ್ದಾರೆ. ನಾನು ಪಟ್ಟಿ ಮತ್ತು ಕೆಂಪು ನೋಡುತ್ತೇನೆ.

ಪಟ್ಟಿ ಬಂದ ಫ್ರೇಮ್‌ಗಳಲ್ಲಿ ಸೈಲೆಂಟ್ ಶಟರ್ ಆನ್ ಇತ್ತೇ? ಮತ್ತೆ ಹಾಲ್‌ನ ಟ್ಯೂಬ್‌ಲೈಟ್ ಉರಿಯುತ್ತಿತ್ತೇ? ನನ್ನ ಊಹೆ ಎರಡಕ್ಕೂ ಹೌದು. ನಮ್ಮ ಕರೆಂಟ್ 50 ಹರ್ಟ್ಸ್. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುತ್ತದೆ. ಕೆಲವು ಸಾಲಿಗೆ ದೀಪ ಜೋರು, ಕೆಲವು ಸಾಲಿಗೆ ಮಂಕು. ಅದೇ ಪಟ್ಟಿ. ಮೆಕ್ಯಾನಿಕಲ್ ಶಟರ್ ಹಾಕಿ, ಸ್ಪೀಡ್ 1/100 ಅಥವಾ 1/50 ಇಡಿ, ಪೂರ್ತಿ ಮಿಣುಕು ಒಳಗೆ ಬರುತ್ತದೆ. ಕೆಲವು ಎಲ್‌ಇಡಿಗಳನ್ನು ಡಿಮ್ ಮಾಡಿದಾಗ ಮಾತ್ರ ಮಿಣುಕು ಶುರುವಾಗುತ್ತದೆ. ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದು ನೋಡಿ. ದೀಪವನ್ನು ನೂರು ಪರ್ಸೆಂಟಿಗೆ ಇಟ್ಟು ಒಂದು ಸಲ, ಹತ್ತಕ್ಕೆ ಇಟ್ಟು ಒಂದು ಸಲ. ತಕ್ಷಣ ಗೊತ್ತಾಗುತ್ತದೆ.

ಕೆಂಪಿನ ಕಥೆ ಸ್ವಲ್ಪ ಮೋಸದ್ದು. ಡಬ್ಬದ ಮೇಲೆ ಸಿಆರ್‌ಐ 95 ಅಂತ ಬರೆದಿರುತ್ತಾರೆ. ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದಕ್ಕೆ ನೂರರಲ್ಲಿ ಕೊಡುವ ಅಂಕ ಅದು. ಆ ಸರಾಸರಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎಂಟು ಬಣ್ಣದ ತುಣುಕು, ಎಲ್ಲವೂ ಮಂದ ಬಣ್ಣಗಳೇ. ಗಾಢ ಕೆಂಪು ಒಂಬತ್ತನೆಯದು, ಆರ್9. ಅದು ಸರಾಸರಿಯಲ್ಲಿ ಬರುವುದೇ ಇಲ್ಲ! ಅಂದರೆ ಪರೀಕ್ಷೆ ಪಾಸಾಗಿ ಕೆಂಪಿನಲ್ಲಿ ಫೇಲ್ ಆದ ದೀಪ ಇರಬಹುದು. ಚರ್ಮದ ಬಣ್ಣಕ್ಕೂ ಕೆಂಪು ಬೇಕೇ ಬೇಕು. ನಮ್ಮ ಸೀರೆಗಳ ಬಗ್ಗೆ ಹೇಳುವುದೇ ಬೇಡ. ದೀಪ ಕೊಳ್ಳುವ ಮುಂಚೆ ಆರ್9 ಎಷ್ಟು ಅಂತ ಬೇರೆಯಾಗಿ ನೋಡಿ.

ಆದರೆ ನಿಮ್ಮ ಇಟ್ಟಿಗೆ ಬಣ್ಣಕ್ಕೆ ಟ್ಯೂಬ್‌ಲೈಟೇ ಕಾರಣ ಇರಬಹುದು. ಎರಡು ಬಗೆಯ ಬೆಳಕು ಬೆರೆತರೆ ಯಾವ ವೈಟ್ ಬ್ಯಾಲೆನ್ಸೂ (ಬಿಳಿಯನ್ನು ಬಿಳಿಯಾಗಿ ತೋರಿಸುವ ಸೆಟ್ಟಿಂಗ್) ಎರಡಕ್ಕೂ ಒಗ್ಗುವುದಿಲ್ಲ. ಮೊದಲು ಅದನ್ನು ಆರಿಸಿ, ಕ್ಯಾಮೆರಾವನ್ನು 5600 ಕೆಲ್ವಿನ್‌ಗೆ, ಅಂದರೆ ಹಗಲು ಬೆಳಕಿನ ಬಣ್ಣಕ್ಕೆ, ಕಟ್ಟಿಹಾಕಿ.


ಡೊಂಬಿವಲಿ ಲೋಕಲ್ · ಸೋಮವಾರ ಮಧ್ಯಾಹ್ನ 1:40

ಎರಡೂ ಹೌದು. ಟ್ಯೂಬ್‌ಲೈಟ್ ಆನ್ ಇತ್ತು. ಅಮ್ಮ "ಕತ್ತಲಲ್ಲಿ ಕೂತು ಏನು ಮಾಡ್ತೀರಿ" ಅಂತ ಬಂದು ಹಾಕಿ ಹೋಗಿದ್ದರು. ನಾನು ಗಮನಿಸಲೇ ಇಲ್ಲ.


ಫ್ಲ್ಯಾಷ್ ಭಕ್ತ, ಠಾಣೆ · ಸೋಮವಾರ ಸಂಜೆ 7:20

ನೋಡಿ, ಇದೇ ನನ್ನ ಮಾತು. ಫ್ಲ್ಯಾಷ್ ಆಗಿದ್ದರೆ ನಿಮ್ಮ ಅಮ್ಮ ಹತ್ತು ಟ್ಯೂಬ್‌ಲೈಟ್ ಹಾಕಿದ್ದರೂ ಎಫ್ 8ರಲ್ಲಿ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಗೋಡೆಯ ವಿಷಯ ಒಪ್ಪುತ್ತೇನೆ. ಬಟ್ಟೆ ಎರಡಕ್ಕೂ ಬೇಕು. ಆದರೆ ಮಾಡೆಲ್ ಅಲುಗಾಡಿದರೆ 1/100ರಲ್ಲಿ ಏನು ಮಾಡುತ್ತೀರಿ? ಪಲ್ಲು (ಸೆರಗು) ಹಾರಿಸಿದರೆ ಎಲ್ಲಾ ಕಲಸಿದ ಅವಲಕ್ಕಿ.


ಗೋರೆಗಾಂವ್ ಕತ್ತಲೆ · ಸೋಮವಾರ ರಾತ್ರಿ 11:50

ಪ್ಯಾಕ್ ಅಪ್ ಆಗಿ ಈಗ ಮನೆಗೆ ಬಂದೆ.

ಕಲಸಿದ ಅವಲಕ್ಕಿಯೇ ಕೆಲವು ಸಲ ಬೇಕು. ಟ್ರೈಪಾಡ್ ಹಾಕಿ, ಶಟರ್ 1/8ಕ್ಕೆ ಇಳಿಸಿ, ಮಾಡೆಲ್‌ಗೆ ಮುಖ ಅಲ್ಲಾಡಿಸದೆ ಪಲ್ಲು ಮಾತ್ರ ಬೀಸಲು ಹೇಳಿ. ಮುಖ ನಿಲ್ಲುತ್ತದೆ, ಸೀರೆ ಹೊಗೆಯ ಹಾಗೆ ಹರಿಯುತ್ತದೆ. ಬರೀ ಫ್ಲ್ಯಾಷಿನಲ್ಲಿ ಇದು ಬರುವುದಿಲ್ಲ. ಇಪ್ಪತ್ತು ಸಲ ತೆಗೆದರೆ ಎರಡು ಸರಿ ಬರಬಹುದು, ಅದು ಬೇರೆ ಮಾತು.

ಕಣ್ಣಿನ ವಿಷಯವೂ ಇದೆ. ಕತ್ತಲ ಕೋಣೆಯಲ್ಲಿ ಫ್ಲ್ಯಾಷ್ ಹೊಡೆದರೆ ಪಾಪೆ ಅಗಲ ತೆರೆದಿರುತ್ತದೆ, ಕಣ್ಣು ಕಪ್ಪು ಗುಂಡಿಯ ಹಾಗೆ ಬರುತ್ತದೆ. ಉರಿಯುವ ದೀಪದೆದುರು ಪಾಪೆ ಕಿರಿದಾಗುತ್ತದೆ, ಕಣ್ಣಿನ ಕಂದು ಬಣ್ಣ ಕಾಣುತ್ತದೆ. ಆದರೆ ತೀರಾ ಹತ್ತಿರ ಜೋರು ದೀಪ ಇಟ್ಟರೆ ಹುಡುಗಿ ಕಣ್ಣು ಕಿರಿದು ಮಾಡುತ್ತಾಳೆ. ಎರಡು ನಿಮಿಷ ದೀಪ ನೋಡದೆ ಕೂರಿಸಿ, ಆಮೇಲೆ ತಿರುಗಿಸಿ.

ಇನ್ನೊಂದು ಹಳೆ ಬುದ್ಧಿ. ಬೆಳಕು ಕಟ್ಟಿದ ಮೇಲೆ ಕಣ್ಣನ್ನು ಅರ್ಧ ಮುಚ್ಚಿ ರೆಪ್ಪೆಗಳ ನಡುವಿಂದ ನೋಡಿ. ನಮ್ಮ ಕಣ್ಣು ಕತ್ತಲೆಗೆ ಹೊಂದಿಕೊಂಡು ನೆರಳಿನೊಳಗಿನದನ್ನೂ ತೋರಿಸುತ್ತದೆ, ಕ್ಯಾಮೆರಾ ತೋರಿಸುವುದಿಲ್ಲ. ಹಾಗೆ ನೋಡಿದಾಗ ಯಾವುದು ಮುಳುಗಿತೋ ಅದು ಫೋಟೊದಲ್ಲೂ ಮುಳುಗುತ್ತದೆ.


ವಾಶಿ ಹೊಸಬ · ಮಂಗಳವಾರ ಬೆಳಿಗ್ಗೆ 9:10

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಏರಿಯಾದ ಮದುವೆ ವಿಡಿಯೊ ಅಂಗಡಿಯವರು 1000 ವ್ಯಾಟ್‌ನ ಎರಡು ಹ್ಯಾಲೊಜೆನ್ ದೀಪ ಬಾಡಿಗೆಗೆ ಕೊಡುತ್ತಾರೆ. ಎಲ್‌ಇಡಿಗಿಂತ ತುಂಬಾ ಅಗ್ಗ. ಮನೆಯಲ್ಲಿ ಹಾಕಬಹುದಾ?


ಗೋರೆಗಾಂವ್ ಕತ್ತಲೆ · ಮಂಗಳವಾರ ಬೆಳಿಗ್ಗೆ 9:25

ಒಂದನ್ನು ಹಾಕಬಹುದು, ಎಚ್ಚರದಿಂದ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದಿರೋ, ಮುಗೀತು. 2000 ವ್ಯಾಟ್ ಭಾಗಿಸು 230 ವೋಲ್ಟ್, ಎಂಟೂಮುಕ್ಕಾಲು ಆಂಪಿಯರ್ ಹತ್ತಿರ. ಸಣ್ಣ ಪಿನ್ನಿನ ಸಾಕೆಟ್ ಇರುವುದು ಆರಕ್ಕೆ. ಶುರುವಿನ ದಿನಗಳಲ್ಲಿ ದಾದರ್‌ನ ಒಂದು ಹಳೇ ಚಾಳಿನಲ್ಲಿ ನಾನೇ ಈ ತಪ್ಪು ಮಾಡಿದ್ದೆ. ಇಡೀ ಮಹಡಿ ಕತ್ತಲೆ. ಗಣಪತಿ ಹಬ್ಬದ ಸಂಜೆ ಬೇರೆ. ಕೆಳಗಿನ ಮನೆಯ ಅಜ್ಜಿ ಮರಾಠಿಯಲ್ಲಿ ಬೈದ ಕೆಲವು ಶಬ್ದ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹ್ಯಾಲೊಜೆನ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ಅಂಟಿದ ಜಾಗ ಕಾದು ಬಲ್ಬ್ ಒಡೆಯಬಹುದು. ಅದರ ಬೆಳಕು 3200 ಕೆಲ್ವಿನ್, ಬೆಚ್ಚಗಿನ ಹಳದಿ. ಕೆಂಪು ಮತ್ತು ಚರ್ಮಕ್ಕೆ ಅದರಷ್ಟು ಚೆನ್ನಾಗಿ ಬರುವ ದೀಪ ಇವತ್ತಿಗೂ ಕಡಿಮೆ, ಅದು ಸತ್ಯ. ಆದರೆ ಮುಂಬೈ ಮೇ ತಿಂಗಳಲ್ಲಿ, ಮುಚ್ಚಿದ ಕೋಣೆಯಲ್ಲಿ, ಹತ್ತೇ ನಿಮಿಷದಲ್ಲಿ ಮೇಕಪ್ ಇಳಿಯುತ್ತದೆ. ವೆಲ್ವೆಟ್ ಬಟ್ಟೆ, ಥರ್ಮಾಕೋಲ್, ಪರದೆ ಯಾವುದನ್ನೂ ಅದರ ಹತ್ತಿರ ತರಬೇಡಿ.


ಮಾಟುಂಗಾ ಮಗ್ಗ · ಮಂಗಳವಾರ ಮಧ್ಯಾಹ್ನ 3:00

ನಾನು ಫೋಟೊದವಳಲ್ಲ. ಸೀರೆ ಮಾರುವವಳು, ಶೂಟಿಂಗಿಗೆ ಉಡಿಸುವವಳು. ಕ್ಯಾಮೆರಾದವರೆಲ್ಲ ಮುಖ ಮುಖ ಅನ್ನುತ್ತೀರಿ. ದುಡ್ಡು ಕೊಡುವವರಿಗೆ ಬಟ್ಟೆ ಕಾಣಬೇಕು ಅನ್ನುವುದನ್ನು ಸ್ವಲ್ಪ ನೆನಪಿಡಿ!

ಜರಿ ಅಂದರೆ ಲೋಹದ ಕನ್ನಡಿ. ಅದಕ್ಕೆ ತನ್ನದೇ ಬಣ್ಣಕ್ಕಿಂತ ಎದುರು ಇರುವುದರ ಬಿಂಬ ಜಾಸ್ತಿ. ಪೈಠಣಿ ಸೆರಗಿಗೆ ಕಿರಿದಾದ ಚೂಪು ದೀಪ ಬಿಟ್ಟರೆ ಅಲ್ಲೊಂದು ಇಲ್ಲೊಂದು ಕಿಡಿ ಹಾರುತ್ತದೆ, ಉಳಿದ ಜರಿ ಕಂದು ದಾರದ ಹಾಗೆ ಸತ್ತು ಹೋಗುತ್ತದೆ. ನೀವೀಗ ಸುತ್ತಲೂ ಕಪ್ಪು ಬಟ್ಟೆ ಕಟ್ಟಿದರೆ ಜರಿಯಲ್ಲಿ ಕಾಣುವುದೂ ಆ ಕಪ್ಪೇ. ದೊಡ್ಡ ಸಾಫ್ಟ್‌ಬಾಕ್ಸ್ ಪಕ್ಕದಿಂದ, ಸ್ವಲ್ಪ ಹಿಂದಿನಿಂದ ಬಂದರೆ ಸೆರಗು ಒಂದೇ ಹಾಳೆಯಾಗಿ ಹೊಳೆಯುತ್ತದೆ.

ರೇಷ್ಮೆ ಬೇರೆ. ಅದರ ಎಳೆಯನ್ನು ಅಡ್ಡ ಕತ್ತರಿಸಿದರೆ ಸುಮಾರು ತ್ರಿಕೋನ. ಅದಕ್ಕೇ ನೆರಿಗೆ ತಿರುಗಿದ ಹಾಗೆ ಹೊಳಪೂ ತಿರುಗುತ್ತದೆ. ರೇಷ್ಮೆಗೆ ಪಕ್ಕದ ಬೆಳಕು ಸಾಕು, ನೆರಿಗೆ ತಾನೇ ಮಾತಾಡುತ್ತದೆ. ಇಳಕಲ್ ಸೀರೆಗೂ ಇದೇ. ಹತ್ತಿಯ ಮೈ ಬೆಳಕನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ, ರೇಷ್ಮೆಯ ಸೆರಗು ಎದ್ದು ಬರುತ್ತದೆ. ಕಸೂತಿ ಇದ್ದರೆ ದೀಪವನ್ನು ಬಟ್ಟೆಗೆ ತಾಗುವ ಹಾಗೆ ಓರೆಯಾಗಿ ಹಾಯಿಸಿ. ಹೊಲಿಗೆಯ ಉಬ್ಬು ನೆರಳು ಬಿಟ್ಟು ಕಾಣುತ್ತದೆ.

ಕೊನೆಗೆ ಒಂದು ಸಿಟ್ಟಿನ ಮಾತು. ನಮ್ಮ ಕಡೆಯ ಹುಡುಗಿಯರ ಮೈಬಣ್ಣ ಕಂಡ ಕೂಡಲೇ ಎಕ್ಸ್‌ಪೋಷರ್ ಏರಿಸಿ ಬೆಳ್ಳಗೆ ಮಾಡುವುದನ್ನು ನಿಲ್ಲಿಸಿ. ಹೋದ ವರ್ಷ ಒಬ್ಬರು ಹೀಗೆ ಮಾಡಿ ನನ್ನ ಆನಂದ ನೀಲಿ ಸೀರೆ ಆಕಾಶ ನೀಲಿ ಆಯಿತು. ನಾಲ್ಕು ಗಿರಾಕಿ ವಾಪಸ್ ಕಳಿಸಿದರು.


ಗೋರೆಗಾಂವ್ ಕತ್ತಲೆ · ಮಂಗಳವಾರ ಸಂಜೆ 5:10

ಅಕ್ಕ ಹೇಳಿದ್ದು ನೂರಕ್ಕೆ ನೂರು. ಕಪ್ಪು ಚರ್ಮಕ್ಕೆ ಬೇಕಾದ್ದು ಜಾಸ್ತಿ ಬೆಳಕಲ್ಲ, ಹೊಳಪು. ದೊಡ್ಡ ದೀಪವನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ಕೆನ್ನೆಮೂಳೆ, ಭುಜ, ಕೊರಳಿನ ಮೇಲೆ ಮೆರುಗು ಓಡುತ್ತದೆ. ಮೈಬಣ್ಣ ಹಾಗೇ ಉಳಿಯುತ್ತದೆ.

ಕ್ಯಾಮೆರಾವನ್ನು ಮ್ಯಾನ್ಯುಯಲ್‌ನಲ್ಲಿಡಿ. ಆಟೊದಲ್ಲಿ ಬಿಟ್ಟರೆ ಅದು ಕತ್ತಲೆ ನೋಡಿ ಗಾಬರಿಯಾಗುತ್ತದೆ, ಎಲ್ಲವನ್ನೂ ಬೂದು ಮಾಡಲು ಹೋಗುತ್ತದೆ. ಜರಿಯ ಹೊಳಪು ಸುಡದ ಹಾಗೆ ಎಕ್ಸ್‌ಪೋಷರ್ ಕಟ್ಟಿ, ಉಳಿದದ್ದು ಮುಳುಗಲಿ. ಹಿಸ್ಟೊಗ್ರಾಮ್ (ಕ್ಯಾಮೆರಾ ತೋರಿಸುವ ಕತ್ತಲೆ ಬೆಳಕಿನ ನಕ್ಷೆ) ಎಡಗಡೆ, ಕತ್ತಲೆಯ ಕಡೆ, ರಾಶಿ ಬಿದ್ದರೆ ಬೀಳಲಿ.


ಪಣಜಿ ನೆರಳು · ಮಂಗಳವಾರ ರಾತ್ರಿ 9:45

ಗೋವಾದಿಂದ. ಇಲ್ಲಿ ಪಣಜಿಯ ಫೋಂತೈನ್ಯಾಸ್ ಕಡೆ ಹಳೇ ಮನೆಗಳಲ್ಲಿ ಶೂಟ್ ಮಾಡುತ್ತೇನೆ. ನಿಮ್ಮದಕ್ಕೆ ಪೂರ್ತಿ ಉಲ್ಟಾ ಸಮಸ್ಯೆ. ಗೋಡೆ ಗಾಢ ನೀಲಿ, ಗಾಢ ಹಳದಿ, ಕೆಂಪು. ಅದಕ್ಕೆ ಬಡಿದ ಬೆಳಕು ಅದೇ ಬಣ್ಣ ಹೊತ್ತು ಮುಖಕ್ಕೆ ಬರುತ್ತದೆ. ಒಮ್ಮೆ ಮದುಮಗಳ ಗಲ್ಲ ಪೂರ್ತಿ ಹಸಿರು. ನಾನೂ ಕಪ್ಪು ಬಟ್ಟೆಗೇ ಶರಣಾದೆ.

ಆದರೆ ಇಲ್ಲಿಯ ಹಳೇ ಕಿಟಕಿಗಳನ್ನು ನೋಡಬೇಕು ನೀವು. ಗಾಜಿನ ಬದಲು ಸಿಂಪಿಯ ಚಪ್ಪಟೆ ಚಿಪ್ಪುಗಳನ್ನು ಮರದ ಪಟ್ಟಿಗಳ ನಡುವೆ ಕೂರಿಸಿರುತ್ತಾರೆ. ಬಿಸಿಲು ಒಳಗೆ ಬರುವಾಗ ಮಜ್ಜಿಗೆಯಂತೆ ತಿಳಿಯಾಗಿ ಬರುತ್ತದೆ. ಯಾವ ಸಾಫ್ಟ್‌ಬಾಕ್ಸೂ ಬೇಡ. ಕಿಟಕಿಯ ಒಂದು ರೆಕ್ಕೆ ತೆರೆದರೆ ಅಲ್ಲಿಂದ ಗಟ್ಟಿ ಬಿಸಿಲು, ಮುಚ್ಚಿದ ರೆಕ್ಕೆಯಿಂದ ಮೆತ್ತನೆ ಬೆಳಕು. ಒಂದೇ ಕಿಟಕಿಯಲ್ಲಿ ಕೀ ಲೈಟೂ (ಮುಖ್ಯ ಬೆಳಕು) ಸಿಕ್ಕಿತು, ಫಿಲ್ಲೂ (ನೆರಳು ತುಂಬುವ ಬೆಳಕು) ಸಿಕ್ಕಿತು.

ಇಷ್ಟೆಲ್ಲ ಚರ್ಚೆಯಲ್ಲಿ ಸೂರ್ಯನನ್ನು ಯಾರೂ ಲೆಕ್ಕಕ್ಕೆ ತಗೊಂಡಿಲ್ಲ. ಅವನೂ ಉರಿಯುತ್ತಲೇ ಇರುವ ದೀಪ ತಾನೇ? ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ಮುಂಬೈನಲ್ಲಿ ಗುರುದತ್ತರ 'ಕಾಗಜ್ ಕೆ ಫೂಲ್'ಗೆ, 1959ರಲ್ಲಿ, ಕತ್ತಲ ಸ್ಟುಡಿಯೊದೊಳಗೆ ಆ ದೊಡ್ಡ ಬೆಳಕಿನ ಕೋಲನ್ನು ತಂದದ್ದು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ. ಛಾಯಾಗ್ರಾಹಕರೊಬ್ಬರಿಗೆ ಮೊದಲ ಸಲ ಫಾಲ್ಕೆ ಪ್ರಶಸ್ತಿ ಬಂದದ್ದೂ ಅವರಿಗೇ, 2008ರ ಸಾಲಿನದು. ನಿಮ್ಮ ಡೊಂಬಿವಲಿ ಮನೆಯಲ್ಲಿ ಒಂದು ಕನ್ನಡಿ ಇಲ್ಲವೇ?


ಕೊತ್ರೂಡ್ ಕ್ಲಿಕ್ · ಮಂಗಳವಾರ ರಾತ್ರಿ 10:20

ಆಹಾ. ಸ್ವಲ್ಪ ಗಣಿತ ಸೇರಿಸುತ್ತೇನೆ, ಬೈಯಬೇಡಿ. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಕನ್ನಡಿ ಅಲುಗದಿದ್ದರೂ ಹನ್ನೆರಡಡಿ ದೂರದಲ್ಲಿ ಬೆಳಕಿನ ಚೌಕ ನಾಲ್ಕು ನಿಮಿಷಕ್ಕೆ ಸುಮಾರು ಎರಡೂವರೆ ಇಂಚು ಜಾರುತ್ತದೆ. ಮಾಡೆಲ್ ಕೂದಲು ಸರಿಮಾಡಿಕೊಂಡು ಬರುವಷ್ಟರಲ್ಲಿ ಬೆಳಕು ಮೂಗಿನಿಂದ ಕಿವಿಗೆ ಹೋಗಿರುತ್ತದೆ. ಕನ್ನಡಿ ಹಿಡಿಯಲು ಒಬ್ಬರು ಬೇಕು.

ಮತ್ತೆ ಗಾಳಿಯಲ್ಲಿ ಬೆಳಕಿನ ಕೋಲು ಕಾಣಬೇಕಾದರೆ ಧೂಳೋ ಹೊಗೆಯೋ ಬೇಕು.


ಗೋರೆಗಾಂವ್ ಕತ್ತಲೆ · ಮಂಗಳವಾರ ರಾತ್ರಿ 11:15

ಹೊಗೆಗೆ ಲೋಬಾನ. ಮಷೀನ್ ಇಲ್ಲದ ಸೆಟ್ಟಿನಲ್ಲಿ ಅದನ್ನೇ ಹಾಕುತ್ತೇವೆ. ಬಾಣಲೆಯಲ್ಲಿ ಕೆಂಡ, ಮೇಲೆ ಒಂದು ಚಿಟಿಕೆ. ಒಂದೇ ಚಿಟಿಕೆ. ಒಬ್ಬ ಹೊಸ ಹುಡುಗ ಮುಷ್ಟಿ ಸುರಿದು ಹೀರೊಯಿನ್‌ಗೆ ಅರ್ಧ ಗಂಟೆ ಕೆಮ್ಮು. ಬಿಲ್ಡಿಂಗಿನಲ್ಲಿ ಸ್ಮೋಕ್ ಅಲಾರ್ಮ್ ಇದ್ದರೆ ಆ ಕಡೆ ಯೋಚಿಸಲೂ ಬೇಡಿ.

ಮಾಡೆಲ್ ಕನ್ನಡಿ ಕಡೆಗೆ ನೇರ ನೋಡಬಾರದು. ಅದು ಸೂರ್ಯನನ್ನೇ ನೋಡಿದ ಹಾಗೆ.


ಡೊಂಬಿವಲಿ ಲೋಕಲ್ · ಭಾನುವಾರ ರಾತ್ರಿ 9:30

ಒಂದು ವಾರ ಮಾಯ ಆಗಿದ್ದೆ, ಈಗ ವರದಿ.

ಬುಧವಾರ ಆಫೀಸಿನಿಂದ ಸೀದಾ ಮಂಗಲ್‌ದಾಸ್ ಮಾರ್ಕೆಟ್‌ಗೆ ಹೋದೆ. ಟಾರ್ಚ್ ಹಾಕಿ ಬಟ್ಟೆ ನೋಡುತ್ತಿದ್ದರೆ ಅಂಗಡಿಯವರು "ಏನು ಮೇಡಂ, ಕಳ್ಳತನಕ್ಕಾ?" ಅಂದರು. ಕಪ್ಪು ವೆಲ್ವೆಟ್ ಎಂಟು ಮೀಟರ್. ವಾಪಸ್ ಬರುವಾಗ ಕಲ್ಯಾಣ್ ಲೋಕಲ್‌ನ ನೂಕುನುಗ್ಗಲಲ್ಲಿ ಆ ಗಂಟನ್ನು ಮಗುವಿನ ಹಾಗೆ ಅಪ್ಪಿಕೊಂಡು ನಿಂತೆ.

ಶನಿವಾರ ಮೊದಲು ಏನೂ ಬದಲಿಸದೆ ಒಂದು ಫ್ರೇಮ್ ತೆಗೆದೆ. ಆಮೇಲೆ ನೆರಳಿನ ಬದಿಗೆ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ವೆಲ್ವೆಟ್ ಹಾಕಿ ಎರಡಡಿಯಲ್ಲಿ ನಿಲ್ಲಿಸಿದೆ. ಅದೇ ದೀಪ, ಅದೇ ಸೆಟ್ಟಿಂಗ್. ನಂಬುತ್ತೀರೋ ಇಲ್ಲವೋ, ತಂಗಿಯ ಬಲ ಕೆನ್ನೆ ಮಾಯ! ಅವಳಿಗೇ ತೋರಿಸಿದೆ, "ಅಯ್ಯೋ, ನಾನು ಯಾರೋ ವಿಲನ್ ತರ ಇದ್ದೀನಿ" ಅಂದಳು. ನೆಲಕ್ಕೂ ಹಾಸಿದ ಮೇಲೆ ಗಲ್ಲದ ಗೆರೆ ಬಂತು. ದೀಪವನ್ನು ಮೂರಡಿಗೆ ತಂದ ಮೇಲೆ ಗೋಡೆ ಹೋಯಿತು. ಐಎಸ್‌ಒ 250, ಎಫ್ 2.8, 1/100. ಪಟ್ಟಿ ಇಲ್ಲ. ಟ್ಯೂಬ್‌ಲೈಟ್ ಸ್ವಿಚ್ಚಿಗೆ ಟೇಪ್ ಅಂಟಿಸಿದ್ದೆ. ಕೆಂಪು ಈಗ ಕುಂಕುಮವೇ.

ಜರಿ ವಿಷಯದಲ್ಲಿ ಮಗ್ಗ ಅಕ್ಕ ಹೇಳಿದ್ದು ಹಾಗೇ ಆಯಿತು. ಬಟ್ಟೆ ಬಂದ ಮೇಲೆ ಸೆರಗಿನ ಅಂಚು ಸತ್ತಿತ್ತು. ಹೊಸ ದೀಪ ತರಲಿಲ್ಲ. ಒಂದು ಥರ್ಮಾಕೋಲ್ ಹಲಗೆಯನ್ನು ಸೆರಗಿನ ಕೆಳಗೆ, ಫ್ರೇಮಿನ ಹೊರಗೆ ಓರೆಯಾಗಿ ಹಿಡಿಸಿದೆ. ಜರಿಯಲ್ಲಿ ಆ ಬಿಳಿ ಕಂಡಿತು, ಮುಖದ ನೆರಳಿಗೆ ಅದು ತಲುಪಲಿಲ್ಲ. ಹಿಡಿದವರು ಅಮ್ಮ.

1/8ರಲ್ಲಿ ಪಲ್ಲು ಹಾರಿಸಿದ್ದು ಮೂವತ್ತಕ್ಕೆ ಒಂದು ಬಂತು. ಆ ಒಂದನ್ನೇ ಗ್ರಾಹಕರು ಕವರ್‌ಗೆ ತಗೊಂಡರು.

ಇವತ್ತು ಕನ್ನಡಿ. ನಮ್ಮ ಬಾಲ್ಕನಿಗೆ ಬಿಸಿಲು ಬರುವುದು ಮಧ್ಯಾಹ್ನ ಮೂರೂವರೆಯಿಂದ ನಾಲ್ಕು ಕಾಲರವರೆಗೆ ಮಾತ್ರ, ಆಮೇಲೆ ಎದುರಿನ ಟವರ್ ಅಡ್ಡ. ಬೀರುವಿನ ಬಾಗಿಲಿನ ಕನ್ನಡಿಯನ್ನು ಬಿಚ್ಚಿ ಅಪ್ಪನ ಕೈಗೆ ಕೊಟ್ಟೆ. ಪರದೆ ಎಳೆದು ಒಂದು ಗೇಣು ಸಂದು ಬಿಟ್ಟೆ. ಬಿಸಿಲು ಹಾಲ್‌ನೊಳಗೆ ಕತ್ತಿಯ ಹಾಗೆ ಬಂತು. ಐಎಸ್‌ಒ 100, ಎಫ್ 4, 1/1000! 60 ವ್ಯಾಟ್ ದೀಪ ಪಕ್ಕದಲ್ಲಿ ಮಿಣಿಮಿಣಿ ಹಣತೆ. ಅಮ್ಮನ ಗೋಧಿ ಜರಡಿಯನ್ನು ತಂಗಿಯ ಮುಖದ ಹತ್ತಿರ ಹಿಡಿದಾಗ ಕೆನ್ನೆ ಮೇಲೆ ಚುಕ್ಕಿ ರಂಗೋಲಿ ಬಿತ್ತು. ದೂರ ಹಿಡಿದರೆ ಚುಕ್ಕಿ ಕಲಸಿಹೋಗುತ್ತದೆ, ಹತ್ತಿರ ಹಿಡಿದರೆ ಚೂಪು. ಕ್ಲಿಕ್ ಅವರು ಹೇಳಿದ ಎರಡೂವರೆ ಇಂಚು ಸುಳ್ಳಲ್ಲ. ಅಪ್ಪ "ಇನ್ನೆಷ್ಟು ಹೊತ್ತು" ಅಂತ ಕೇಳುತ್ತಲೇ ಕನ್ನಡಿ ತಿರುಗಿಸುತ್ತಿದ್ದರು.


ಫ್ಲ್ಯಾಷ್ ಭಕ್ತ, ಠಾಣೆ · ಭಾನುವಾರ ರಾತ್ರಿ 10:00

ಒಂದು ಫೋಟೊಗೆ ಅಮ್ಮ, ಅಪ್ಪ, ತಂಗಿ, ಜರಡಿ. ನನ್ನದರಲ್ಲಿ ಒಂದು ಬಟನ್ ಅಷ್ಟೇ. ಆದರೂ ಆ 1/8ರ ಫೋಟೊ ಚೆನ್ನಾಗಿದೆ, ಒಪ್ಪಿದೆ. ವೆಲ್ವೆಟ್ ಯಾವ ಅಂಗಡಿ ಅಂತ ಮೆಸೇಜ್ ಮಾಡಿ.


ಮಾಟುಂಗಾ ಮಗ್ಗ · ಭಾನುವಾರ ರಾತ್ರಿ 10:25

ಸೆರಗು ನೋಡಿದೆ. ಬುಟ್ಟಾ ಎಣಿಸಬಹುದು. ಹಾಗಾದರೆ ಮುಂದಿನ ಕೆಲಸ ನಾನೇ ಕೊಡುತ್ತೇನೆ. ಸಂಕ್ರಾಂತಿಗೆ ಚಂದ್ರಕಾಳಿ ಸೀರೆಗಳು ಬರುತ್ತಿವೆ, ಹನ್ನೆರಡು. ಎಲ್ಲವೂ ಕಪ್ಪು. ನಿಮ್ಮ ಕಪ್ಪು ವೆಲ್ವೆಟ್ ಮುಂದೆ ಕಪ್ಪು ಸೀರೆ ಹೇಗೆ ತೋರಿಸುತ್ತೀರಿ?


ಡೊಂಬಿವಲಿ ಲೋಕಲ್ · ಭಾನುವಾರ ರಾತ್ರಿ 10:31

ಕತ್ತಲೆ ಅಣ್ಣ, ಎಲ್ಲಿದ್ದೀರಿ?


ಗೋರೆಗಾಂವ್ ಕತ್ತಲೆ · ಸೋಮವಾರ ಬೆಳಿಗ್ಗೆ 6:40

ಈಗ ದೀಪ ಹಿಂದೆ ಹೋಗಬೇಕು. ಮಾಡೆಲ್‌ನ ಹಿಂದೆ ಎಡಕ್ಕೆ, ಭುಜಕ್ಕಿಂತ ಸ್ವಲ್ಪ ಎತ್ತರ, ಲೆನ್ಸಿಗೆ ನೇರ ಹೊಡೆಯದ ಹಾಗೆ. ಕಪ್ಪು ಬಟ್ಟೆಯ ಆಕಾರವನ್ನು ಅಂಚು ಹೇಳುತ್ತದೆ, ಮೈ ಹೇಳುವುದಿಲ್ಲ. ಮುಖಕ್ಕೆ ಅಮ್ಮನ ಥರ್ಮಾಕೋಲ್ ಸಾಕು. ಹಿಂದೆ ವೆಲ್ವೆಟ್ ಕಟ್ಟಬೇಡಿ, ಆ ಆಫ್ ವೈಟ್ ಗೋಡೆಯನ್ನೇ ಬಿಡಿ, ಮಾಡೆಲ್‌ನ ಬಲಗಡೆ ಗೋಡೆಯ ಮೇಲೆ ಸ್ವಲ್ಪ ಬೆಳಕು ಚೆಲ್ಲಲಿ. ಬೂದು ಗೋಡೆ ಎದುರು ಕಪ್ಪು ನಿಲ್ಲುತ್ತದೆ.

ಹೌದು, ಹೋದ ವಾರ ಬೈದ ಗೋಡೆಯೇ. ಕಾಲ್‌ಶೀಟ್ ಏಳೂವರೆಗೆ ಇದೆ, ಹೊರಟೆ.